ಅತಿಥಿಗಳ ಪರಿಚಯ

‘ಸುಖ ಸಂಸಾರದ ಸೂತ್ರಗಳು’ ಕುರಿತು ಉಪನ್ಯಾಸ ನೀಡಬೇಕಿದ್ದ ಅತಿಥಿಗಳು ಮುಕ್ಕಾಲು ಗಂಟೆ ಕಳೆದರೂ ಬಂದಿರಲಿಲ್ಲ. ಕಾಲೇಜಿನ ಸಭಾಂಗಣ ಸಾಲುಸಾಲಾಗಿ ಖಾಲಿಯಾಗತೊಡಗಿತು. ಪ್ರಾಂಶುಪಾಲರು ಸಂಚಾಲಕ ಮೃತ್ಯುಂಜಯರನ್ನು ದುರುಗುಟ್ಟಿ ನೋಡಿದರು.

“ಕುರ್ಚಿಗಳಿಗೆ ಭಾಷಣ ಮಾಡಿಸ್ತೀರೇನ್ರೀ?”

ಆಗ, ಹೊಸದಾಗಿ ವರ್ಗವಾಗಿ ಬಂದಿದ್ದ ಗ್ರಂಥಪಾಲಕಿ ವಾರಿಜಾ ಮೃತ್ಯುಂಜಯರ ಹತ್ತಿರ ಬಂದರು.

“ಸರ್, ಅತಿಥಿಗಳ ಪರಿಚಯ ನಾನು ಮಾಡ್ಲಾ? ಅವರ ವಿಷಯ ಸ್ವಲ್ಪ ಗೊತ್ತು.”

“ಪುಣ್ಯ ಕಟ್ಕೊಳ್ಳಿ ಮೇಡಂ! ಅವರು ಬರೋ ತನಕ ಎಳೀರಿ.”

ಆಕೆ ಎಳೆದರು. ಪದವಿ, ಪ್ರಶಸ್ತಿಗಳು ಎರಡೇ ನಿಮಿಷದಲ್ಲಿ ಮುಗಿದವು. ಬಳಿಕ ಅತಿಥಿಗಳು ಹಾಸಿಗೆ ಬಿಡುವ ಹೊತ್ತು, ಕಾಫಿ ಆರಿದ್ದರೆ ಲೋಟ ಹಾರುವ ದಿಕ್ಕು, ಮಾವನ ಮನೆಯಲ್ಲಿ ಅವರು ಮುನಿಸಿಕೊಳ್ಳುವ ಕ್ರಮ, ಎಲ್ಲವನ್ನೂ ಒಂದಿಷ್ಟೂ ನಗದೆ ವಿವರಿಸಿದರು. ಹೊರಗೆ ಹೋದವರೆಲ್ಲ ಮರಳಿ ಬಂದರು. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಮೃತ್ಯುಂಜಯರು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ, ಅತಿಥಿಗಳನ್ನು ಕರೆತರಲು ಹೋಗಿದ್ದ ಚಾಲಕನ ಫೋನ್ ಬಂತು.

“ಎಲ್ಲಿದ್ದೀಯಪ್ಪಾ?”

“ಬಸ್‌ಸ್ಟ್ಯಾಂಡಲ್ಲಿ ಸಾರ್. ನಮ್ಮ ಗೇಟಿನವರೆಗೂ ಬಂದಿದ್ವಿ. ಮೈಕಿನ ಮಾತು ಕಿವಿಗೆ ಬೀಳ್ತಿದ್ದ ಹಾಗೇ ಗಾಡಿ ತಿರುಗ್ಸು ಅಂದ್ರು.”

“ಯಾಕಂತೆ?”

“ಅದು ಅವರ ಹೆಂಡ್ತಿ ದನಿಯಂತೆ ಸಾರ್, ಮನೆ ಬಿಟ್ಟು ಹೋಗಿ ಆರು ವರ್ಷ ಆಯ್ತಂತೆ.”