ಕೋರಾ ಜಮಖಾನ

"ಬೀದ್ಯಾಗ ಕುಂಡ್ರೂದು ಮರ್ಯಾದಸ್ಥರ ಕೆಲಸ ಅಲ್ಲಬೇ ತಬಸುಮ್. ನಾ ಅಂತೂ ಕುಂಡ್ರಾಂಗಿಲ್ಲ," ಎಂದವಳೇ ರಾಜಮಾಬಿ, ಆಗಷ್ಟೇ ಮಗ್ಗದಿಂದ ಇಳಿಸಿದ ಜಮಖಾನದ ಅಂಚಿಗೆ ಗಂಟು ಹಾಕತೊಡಗಿದಳು. ತಬಸುಮ್ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕಾಲಿಡುವ ಹಾಗಿರಲಿಲ್ಲ. ಕೂಲಿ ಹೆಚ್ಚಿಸಿರೆಂದು ತಾಲೂಕು ಕಚೇರಿಯ ಎದುರು ಧರಣಿ ಕೂತ ಹದಿನಾಲ್ಕು ಹೆಂಗಸರಿಗೂ ಮಾಲೀಕ ಕಾಶಿನಾಥ ತನ್ನ ನೇಯ್ಗೆ ಮನೆಯ ಬಾಗಿಲು ಬಂದ್ ಮಾಡಿ ಇಂದಿಗೆ ನಾಲ್ಕು ದಿನ.

"ನಿನ್ನ ಕರಿಯಾಕ ಬಂದಿಲ್ಲ ಖಾಲಾ. ಒಂದು ಹಳೇ ಜಮಖಾನಾ ಇದ್ರ ಕೊಡು. ಪೆಂಡಾಲದವ ಕೆಳಗ ಹಾಸಿದ್ದ ತಾಡಪತ್ರಿ ಸುತಗೊಂಡು ಹೋದ, ಯಾರೋ ಹೆದರಿಸ್ಯಾರ. ಡಾಂಬರ ಕಾದು ಹಂಚಾಗೈತಿ. ನಮ್ಮ ಜೋಡಿ ಕುಂತ ಮಾಬುಬಿ ಬ್ಯಾರೆ ಆರು ತಿಂಗಳ ಬಸರಿ."

ಹಳೇ ಜಮಖಾನವಂತೆ! ರಾಜಮಾಬಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಲವತ್ತು ವರ್ಷ ನೇಯ್ದ ಕೈ ಅವಳದು. ಅವಳು ನೇಯ್ದ ನವಿಲುಗಳು ಅವಳು ಕಾಣದ ಊರುಗಳ ಬಂಗಲೆಗಳಲ್ಲಿ ಗರಿ ಬಿಚ್ಚಿ ಮಲಗಿದ್ದವು. ಮನೆಯಲ್ಲಿ ಮಾತ್ರ ಸಂತೆಯಿಂದ ತಂದ ಪ್ಲಾಸ್ಟಿಕ್ ಚಾಪೆ. ಅವಳೊಬ್ಬಳದೇ ಏನು, ನವಲಗುಂದದ ಆ ಇಡೀ ಓಣಿಯ ಹಣೆಬರಹವೇ ಅದು.

"ನಮ್ಮನ್ಯಾಗ ಎಲ್ಲೀದಬೇ ಜಮಖಾನಾ?"

"ಅದನ್ನಽ ಕೇಳಾಕ ಕುಂತೇವಿ ಖಾಲಾ."

"ಕೇಳ್ರಿ, ಕೇಳ್ರಿ. ಹಿಂದೊಮ್ಮೆ ನಾವೂ ಕೇಳಿದ್ವಿ. ಎರಡು ತಿಂಗಳ ಮಗ್ಗ ಬಂದ್ ಇಟ್ರು. ನನ್ನ ಮಗಳು ಸಾಲಿ ಬಿಟ್ಟಿದ್ದು ಆ ವರ್ಷಽ. ಸುಮ್ಮನ ದುಡದು ತಿನ್ನೂಣು, ಕೂಗ್ಯಾಡಿದ್ರ ಯಾರ ಹೊಟ್ಟಿ ತುಂಬೂದಿಲ್ಲ."

"ದುಡಿಯೂದು ಯಾವಾಗ ಬಿಟ್ಟೇವಿ? ದಿನಕ್ಕ ಮುನ್ನೂರು ಕೊಟ್ಟು ನೇಯಿಸಿದ್ದನ್ನ ಪ್ಯಾಟ್ಯಾಗ ಮೂವತ್ತು ಸಾವಿರಕ್ಕ ಮಾರತಾರ. ಸುಮ್ಮನಿದ್ದು ನಿನಗ ಏನು ಸಿಕ್ತು, ಹೇಳು ನೋಡೂಣು."

ರಾಜಮಾಬಿಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು ಅದು. ಅಷ್ಟರಲ್ಲಿ ಹೊರಗೆ ಮೋಟಾರ್‌ಸೈಕಲ್ ನಿಂತಿತು. ಕಾಶಿನಾಥ ತಬಸುಮ್‌ಳನ್ನು ಕಂಡೂ ಕಾಣದವನಂತೆ ದಾಟಿಕೊಂಡು ಒಳಗೆ ಬಂದ.

"ಆತೇನ ರಾಜಮಾಬಿ? ನಾಳೆ ಹುಬ್ಬಳ್ಳ್ಯಾಗ ವೇದಿಕಿಗೆ ಹಾಸೂದೈತಿ. ನೀ ಒಬ್ಬಾಕಿ ನೋಡು ಮರ್ಯಾದಸ್ಥಾಕಿ, ಬೀದಿಗೆ ಇಳೀಲಿಲ್ಲ. ಹತ್ತು ಫೂಟ ಬರತೈತಿಲ್ಲೋ?" ಎನ್ನುತ್ತ ಕಿಸೆ ತಡಕಿದ. ಅಳತೆಯ ಟೇಪು ಮರೆತು ಬಂದಿದ್ದ. ಒಂದು ಗಳಿಗೆ ಅತ್ತಿತ್ತ ನೋಡಿದವನು ಜಮಖಾನದ ಮೇಲೆಯೇ ಕಾಲಿಟ್ಟು, ಬೂಟಿನ ಹಿಮ್ಮಡಿಗೆ ಬೂಟಿನ ತುದಿ ತಾಗಿಸುತ್ತ ಅಳೆಯತೊಡಗಿದ. ಒಂದು, ಎರಡು, ಮೂರು.

ಅಯ್ಯೋ! ಇನ್ನೂ ಮಾರಾಟವಾಗದ ಹೊಸ ಜಮಖಾನಕ್ಕೆ ಆ ಓಣಿಯಲ್ಲಿ 'ಕೋರಾ' ಎನ್ನುತ್ತಾರೆ. ಕೋರಾದ ಮೇಲೆ ಯಾರೂ ಕಾಲಿಡುವುದಿಲ್ಲ, ನೇಯ್ದವರೂ ಗೋಡೆಗುಂಟ ಸುತ್ತಿಕೊಂಡು ಹೋಗುತ್ತಾರೆ. ಮೊದಲನೆಯ ಪಾದ ಕೊಂಡವರದೇ ಬೀಳಬೇಕು, ಆಗಲೇ ಬರಕತ್ತು. ಹೋದ ತಿಂಗಳು ಮೊಮ್ಮಗಳು ಬರಿಗಾಲಲ್ಲಿ ಇಂಥದರ ಮೇಲೆ ಓಡಿದಳೆಂದು ಇದೇ ರಾಜಮಾಬಿ ಅವಳ ಕಾಲಿಗೆ ಛಟೀರೆಂದು ಬಿಗಿದಿದ್ದಳು.

"ಸಾವ್ಕಾರ್ರ, ಬೂಟು..."

"ಹತ್ತು! ಬರೋಬ್ಬರಿ ಐತಿ," ಎಂದು ಕಾಶಿನಾಥ ಆಚೆ ಇಳಿದ. "ಏನಂದಿ, ಬೂಟಾ? ಹಾಸೂದು ತುಳಿಯಾಕಲ್ಲದ ಪೂಜಿ ಮಾಡಾಕೇನು? ಜಾಡಿಸಿ ಸುತ್ತಿಡು."

ಬಿಳಿ ನವಿಲಿನ ಕುತ್ತಿಗೆಯ ಮೇಲೆ ಎರೆಮಣ್ಣಿನ ಹೆಜ್ಜೆ ಮೂಡಿತ್ತು. ರಾಜಮಾಬಿಗೆ ಮೊಮ್ಮಗಳ ಪುಟ್ಟ ಪಾದ ನೆನಪಾಯಿತು. ಅವಳು ಜಮಖಾನವನ್ನು ಸುತ್ತಿದಳು. ಜಾಡಿಸಲಿಲ್ಲ. ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ನಡೆದಳು.

"ಏ, ಎಲ್ಲಿಗೆ?"

"ಇದರ ಕೋರಾ ಹೋತ್ರಿ ಸಾವ್ಕಾರ್ರ. ಮೊದಲನೇ ಪಾದ ನಿಮ್ದಽ ಬಿತ್ತು. ಇನ್ನ ಯಾರು ಕುಂತರೂ ಅಡ್ಡಿಲ್ಲ. ಸಂಜಿಗೆ ತಂದು ಕೊಡತೇನಿ."

"ಹೊಸ್ತಿಲ ದಾಟಿದ್ರ ನಾಳಿಂದ ಕೆಲಸಿಲ್ಲ, ನೋಡು ಮತ್ತ!"

ರಾಜಮಾಬಿ ನಿಂತಳು. ತಿರುಗಿ ಮಗ್ಗದತ್ತ ಬಂದಳು. ಕಾಶಿನಾಥನ ಮುಖ ಅರಳಿತು. ಅವಳು ಮಗ್ಗಕ್ಕೆ ಸಿಕ್ಕಿಸಿದ್ದ ಪಂಜಾವನ್ನು, ನೂಲು ಬಡಿದು ಕೂರಿಸುವ ತನ್ನ ಕಬ್ಬಿಣದ ಹಣಿಗೆಯನ್ನು, ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅತ್ತೆ ಕೊಟ್ಟ ಪಂಜಾ ಅದು, ಮಾಲೀಕನದಲ್ಲ. ಆಮೇಲೆ ಹೊಸ್ತಿಲು ದಾಟಿದಳು. ಹಿಂದೆ ತಬಸುಮ್ ಓಡುತ್ತ ಬಂದಳು.

ತಾಲೂಕು ಕಚೇರಿಯ ಎದುರು, ಸುಡುವ ಡಾಂಬರಿನ ಮೇಲೆ ಜಮಖಾನ ಬಿಚ್ಚಿಕೊಂಡಿತು. ಹೆಂಗಸರು ಚಪ್ಪಲಿ ಬಿಟ್ಟು ಸುತ್ತ ನಿಂತರು. ಒಬ್ಬಳಾದರೂ ಕಾಲಿಡಬೇಕಲ್ಲ! ನಾಲ್ಕು ದಿನ ಗಂಟಲು ಹರಿಯುವಂತೆ ಘೋಷಣೆ ಕೂಗಿದ ತಬಸುಮ್ ಕೂಡ ಅಂಚಿನಲ್ಲೇ ಹಿಂಜರಿದಳು. ರಾಜಮಾಬಿ ಮಾಬುಬಿಯ ರಟ್ಟೆ ಹಿಡಿದು ತಂದು ದೊಡ್ಡ ನವಿಲಿನ ನಟ್ಟನಡುವೆ ಕೂರಿಸಿದಳು. ಪಕ್ಕದಲ್ಲಿ ತಾನೂ ಕೂತಳು. ನಲವತ್ತು ವರ್ಷದಲ್ಲಿ ಇದೇ ಮೊದಲು. ಎಷ್ಟು ಮೆತ್ತಗಿತ್ತು! ಅದು ಇಷ್ಟು ಮೆತ್ತಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಕೂತರು.

ರಸ್ತೆ ದಾಟಿ ಬಂದ ಕಾಶಿನಾಥ ಏದುಸಿರು ಬಿಡುತ್ತ ನಿಂತ. "ಕಡೀಕ ನೀನೂ ಬೀದ್ಯಾಗ ಕುಂತೇನ ರಾಜಮಾಬಿ?"

"ಬೀದ್ಯಾಗ ಯಾರು ಕುಂತಾರ್ರಿ? ನಾ ನೇದದ್ದರ ಮ್ಯಾಲ ಕುಂತೇನಿ," ಎಂದು ರಾಜಮಾಬಿ ಸರಿದು ತನ್ನ ಬದಿಗೆ ಒಬ್ಬರು ಕೂರುವಷ್ಟು ಜಾಗ ಮಾಡಿದಳು. "ಬರ್ರಿ ಸಾವ್ಕಾರ್ರ, ಕೂಲಿ ಮಾತಾಡೂಣು. ಬೂಟು ಅಲ್ಲೇ ಬಿಡ್ರಿ."