ಹಿರೇದಕ್ಕ ಹತ್ತು, ಸಣ್ಣದಕ್ಕ ಹನ್ನೊಂದು

ಏಳು ತಿಂಗಳ ಬಸುರಿ ಶಿವರಂಜನಿ ಸೆರಗಿನ ತುದಿಗೆ ಪೆನ್‌ಡ್ರೈವ್ ಗಂಟು ಹಾಕಿಕೊಂಡು ಕಳ್ಳ ಹೆಜ್ಜೆಯಲ್ಲಿ ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದಾಗ ಅತ್ತೆ ಶಿವಬಸಮ್ಮನ ಕೈಗೆ ಸಿಕ್ಕಿಬಿದ್ದಳು.

"ಡಾಕ್ಟರು ಮೆಟ್ಲ ಹತ್ತಬ್ಯಾಡ ಅಂದಿಲ್ಲೇನು?" ಶಿವಬಸಮ್ಮ ಅಲ್ಲೇ ತೀರ್ಪು ಕೊಟ್ಟಳು. "ಇವತ್ತು ಸಂಜೀತನಕ ಟೈಮು. ಇಬ್ಬರೂ ಕುಂತಲ್ಲೇ ಕೆಲಸ ಮಾಡಂಗಿದ್ರ ಮಾಡ್ರಿ. ಇಲ್ಲಾಂದ್ರ ನಾಳಿಂದ ನಿನ್ನ ಕಂಪ್ಯೂಟ್ರು ಬಂದ್."

ಮೇಲಿನ ಕೋಣೆಯಲ್ಲಿದ್ದ ಕಿರಿ ಸೊಸೆ ಐಶ್ವರ್ಯ ಅದನ್ನು ಕೇಳಿಸಿಕೊಂಡಳು. ಸಿಂಧನೂರಿನ ಆ ಮನೆಯಲ್ಲಿ ನೆಗೆಣ್ಣಿಯರಿಬ್ಬರೂ ಸೇರಿ ಸುತ್ತಲಿನ ಊರವರಿಗೆ ಲಗ್ನಪತ್ರಿಕೆ ತಯಾರಿಸಿಕೊಡುತ್ತಿದ್ದರು. ಮೇಲೆ ಐಶ್ವರ್ಯ ಚಿತ್ರ, ಬಣ್ಣ ಕೂಡಿಸಬೇಕು. ಕೆಳಗೆ ಅಕ್ಕ ಶಿವರಂಜನಿ ಅಕ್ಷರ ತಿದ್ದಬೇಕು. ಆ ಕಣ್ಣು ಇಲ್ಲದಿದ್ದರೆ ಐಶ್ವರ್ಯಳ ಕೈಯಲ್ಲಿ ವರನೂ ವಧುವೂ ಅದಲುಬದಲಾಗುವುದು ಗ್ಯಾರಂಟಿ. ಅದು ಒತ್ತಟ್ಟಿಗಿರಲಿ, ಅಕ್ಕನಿಲ್ಲದ ಕೆಲಸವೇ ಆಕೆಗೆ ಬೇಕಿರಲಿಲ್ಲ.

ಫೋನಿನಲ್ಲಿ ಕಳಿಸಿದರೆ ಪತ್ರಿಕೆಯ ಗಣಪತಿ ಮಸುಕಾಗಿ ಹೋಗುತ್ತಿದ್ದ; ಅದಕ್ಕೇ ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿಳಿಯಬೇಕಾಗಿತ್ತು. ಎರಡೂ ಲಿನಕ್ಸ್ ಕಂಪ್ಯೂಟರುಗಳು, ಲಿಂಗಸುಗೂರಿನಲ್ಲಿ ಮುಚ್ಚಿಹೋದ ಟೈಪಿಂಗ್ ಕ್ಲಾಸಿನಿಂದ ತಂದ ಹಳೆಯವು. ನಡುವೆ ಒಂದು ಕೇಬಲ್ ಎಳೆದು ನೆಟ್‌ವರ್ಕ್ ಮಾಡಬಹುದೆಂದು ಐಶ್ವರ್ಯ ಯಾವುದೋ ವಿಡಿಯೊದಲ್ಲಿ ನೋಡಿದ್ದಳು. ಹುಸೇನ್‌ಸಾಬ್ ಅಂಗಡಿಯಿಂದ ಕೇಬಲ್ ತಂದು ಬೆಳಕಿಂಡಿಯಿಂದ ಕೆಳಗಿಳಿಸಿದಳು. ಇನ್ನು ಕಂಪ್ಯೂಟರಿಗೆ ನಂಬರು ಕೊಡಬೇಕು. ತನ್ನದಕ್ಕೆ ಒಂದು ಉದ್ದನೆಯ ನಂಬರು ಹಾಕಿ, ಕೊನೆಗೆ ಹತ್ತು ಬರೆದು, ಅದನ್ನೇ ಅಕ್ಕನಿಗೂ ಕೂಗಿ ಹೇಳಿದಳು.

"ಇಬ್ಬರಿಗೂ ಒಂದೇ ಏನು?" ಶಿವಬಸಮ್ಮ ಕೇಳಿದಳು.

"ಒಂದೇರಿ ಅತ್ತಿ."

"ಹಂಗಿರಬೇಕು."

ಆ ಮನೆಯಲ್ಲಿ ಒಬ್ಬ ಸೊಸೆಗೆ ಸೀರೆ ಬಂದರೆ ಇನ್ನೊಬ್ಬಳಿಗೂ ಅದೇ ಬಣ್ಣ, ಅದೇ ದಡಿ. ಸೊಸೆಯರ ನಡುವೆ ಭೇದವೆಂಬುದನ್ನು ಶಿವಬಸಮ್ಮ ಹೊಸ್ತಿಲೊಳಗೆ ಬಿಟ್ಟುಕೊಂಡವಳಲ್ಲ. ಹೀಗಾಗಿ ನಂಬರು ಬೇರೆ ಬೇರೆ ಇರಬೇಕೇನೋ ಎಂಬ ಅನುಮಾನ ಆ ಮೂವರಲ್ಲಿ ಯಾರಿಗೂ ಬರಲಿಲ್ಲ.

ನಂಬರನ್ನು ಕರೆದು ನೋಡಲು ಪಿಂಗ್ ಎಂಬ ಆಜ್ಞೆಯಿದೆ; ಆ ನಂಬರಿನ ಕಂಪ್ಯೂಟರು ಓಗೊಡುತ್ತದೆ. ಐಶ್ವರ್ಯ ಮೇಲಿನಿಂದ ಹತ್ತನ್ನು ಕರೆದಳು. ಕ್ಷಣಕ್ಕೊಂದರಂತೆ ಉತ್ತರ ಬಂತು. ಕೆಳಗೆ ಅಕ್ಕ ಕರೆದರೂ ಬಂತು. ಇಬ್ಬರೂ ಗೆದ್ದೆವೆಂದು ಹಿಗ್ಗಿದರು. ಫೈಲು ಮಾತ್ರ ಜಪ್ಪಯ್ಯ ಅಂದರೂ ಅತ್ತಿಂದಿತ್ತ ಹೋಗಲಿಲ್ಲ. ಹೊತ್ತು ಇಳಿಯಿತು. ಪತ್ರಿಕೆ ಮಾಡಲು ಹೇಳಿದ್ದ ಪಾಮನಕಲ್ಲೂರಿನವರು ಅದನ್ನು ನೋಡಲು ಸಂಜೆಯ ಬಸ್ಸಿಗೆ ಬರುವವರಿದ್ದರು.

ಅಷ್ಟರಲ್ಲಿ ಶಿವಬಸಮ್ಮ ಕಸ ಹೊಡೆಯಲು ಬಂದವಳು, ಅಡ್ಡ ಬಂದ ಕೇಬಲನ್ನು ಕಿತ್ತು ಪಕ್ಕಕ್ಕಿಟ್ಟಳು. ಮೇಲೆ ಉತ್ತರ ಬರುವುದು ನಿಲ್ಲಲಿಲ್ಲ.

"ಅಕ್ಕಾ, ಕೇಬಲ್ ಐತೇನು?"

"ಇಲ್ಲ, ಅತ್ತಿ ಕಿತ್ತಿಟ್ಟಾರ."

"ಮತ್ತ ನನಗ ಯಾರು ಓ ಅನ್ನಾಕತ್ತಾರ?"

ಕೇಳಿದ ಮೇಲೆ ಐಶ್ವರ್ಯಳಿಗೇ ಹೊಳೆಯಿತು. ಕಂಪ್ಯೂಟರು ಇಷ್ಟೊತ್ತೂ ತನ್ನನ್ನು ತಾನೇ ಕರೆದು ತಾನೇ ಓಗೊಡುತ್ತಿತ್ತು. ಕೆಳಗಿನದೂ ಹಾಗೇ. ಹಣೆ ಬಡಿದುಕೊಂಡು ನಕ್ಕು, ಬೆಳಕಿಂಡಿಗೆ ಬಾಗಿದಳು.

"ಅತ್ತಿ, ಇಬ್ಬರು ಸೊಸೆದೇರಿಗೂ ಒಂದೇ ಹೆಸರಿದ್ರ ಒಬ್ಬಾಕಿ ಇನ್ನೊಬ್ಬಾಕಿನ್ನ ಹೆಂಗ ಕರೀಬೇಕ್ರಿ? ಬ್ಯಾರೆ ಬ್ಯಾರೆ ನಂಬರ್ ಬೇಕು."

ಶಿವಬಸಮ್ಮ ಕಸಬರಿಗೆ ಹಿಡಿದೇ ಯೋಚನೆಗೆ ಬಿದ್ದಳು. ಇದೇನು ಸಣ್ಣ ನ್ಯಾಯವಲ್ಲ.

"ಹಂಗಾರ ಹಿರೇದಕ್ಕ ಹತ್ತು, ಸಣ್ಣದಕ್ಕ ಹನ್ನೊಂದು," ಅಂದಳು ಕೊನೆಗೆ. "ಆಕೀಗೆ ಮೊದಲಿಂದು ಸಿಕ್ತು, ನಿನಗ ಒಂದು ಹೆಚ್ಚು ಸಿಕ್ತು. ನಾಳಿ ಯಾರೂ ಮಾತಾಡಂಗಿಲ್ಲ."

ನಂಬರು ಬದಲಾಯಿತು, ಕೇಬಲ್ ಮತ್ತೆ ಕೂತಿತು. ಐಶ್ವರ್ಯ ಪತ್ರಿಕೆ ಕಳಿಸಿ ಉಗುರು ಕಚ್ಚುತ್ತ ಕುಳಿತಳು. ಕಾಲು ಗಂಟೆ ಕಳೆಯಿತು. ಆಮೇಲೆ ಪರದೆಯ ಮೇಲೆ ಹೊಸ ಫೈಲೊಂದು ಬಂತು. ತೆರೆದಳು. ವರನ ಹೆಸರಿಗೊಂದು ಕೆಂಪು ಸುತ್ತು, ಮುಹೂರ್ತಕ್ಕೊಂದು, ಸೋದರಮಾವನ ಹೆಸರೇ ಬಿಟ್ಟುಹೋದಲ್ಲಿ ದೊಡ್ಡದೊಂದು. ಎಣಿಸಿದರೆ ಏಳು. ಅಡಿಯಲ್ಲಿ ಕೆಂಪಕ್ಷರದಲ್ಲೇ ಅಕ್ಕ ಬರೆದಿದ್ದಳು: "ಐಶೂ, ಕೆಳಗ ಓಡಿ ಬರಬ್ಯಾಡ. ಅಲ್ಲೇ ಕುಂತು ತಿದ್ದು."

ತನ್ನ ತಪ್ಪುಗಳನ್ನು ಕಂಡು ಯಾರೂ ಅಷ್ಟು ಸಂತೋಷಪಟ್ಟಿರಲಿಕ್ಕಿಲ್ಲ. ಏಳನ್ನೂ ಹಾಗೇ ಬಿಟ್ಟು ಐಶ್ವರ್ಯ ಮೆಟ್ಟಿಲ ಕಡೆ ಓಡಿದಳು.