ಪಟ್ಟಿಯ ಕೆಳಗೆ ಹೋದ ಚೆಂಡು

ಗಿರಣಿ ನೇಕಾರರ ತಂಡದ ಕ್ಯಾಪ್ಟನ್ ಒದ್ದ ಫುಟ್‌ಬಾಲು ಎರಡು ಕಂಬಗಳ ನಡುವೆ ಹಾದುಹೋಯಿತು. ಮೇಲೆ ಕಟ್ಟಿದ್ದ ಬಟ್ಟೆಪಟ್ಟಿಯ ಕೆಳಗೆ ಹೋದರೆ ಗೋಲು; ಕೆಳಗೆ ಹೋಯಿತೋ, ಮೇಲೆ ಹೋಯಿತೋ ಎಂದು ಎರಡು ಕಡೆಯ ಅಂಪೈರುಗಳೂ ಜಗಳಕ್ಕೆ ನಿಂತರು. ಅಲ್ಲಿಯವರೆಗೆ ಒಂದೂ ಗೋಲು ಬಿದ್ದಿರಲಿಲ್ಲ. ಸರಿಯಾಗಿ ಕಂಡವನು ಕಂಬದ ಪಕ್ಕದಲ್ಲೇ ನಿಂತಿದ್ದ ಆಂಬ್ರೋಸ್ ಥಾರ್ನ್‌ಲೀ ಒಬ್ಬನೇ. ಲಂಡನ್ನಿನ ಆ ಸಿರಿವಂತ ಹುಡುಗರ ತಂಡಕ್ಕೆ ಅವನೇ ಕ್ಯಾಪ್ಟನ್. ಮೂರು ವರ್ಷದಿಂದ ಅವರು ಸೋತವರಲ್ಲ.

"ಬಾಯಿ ಬಿಡಬೇಡ ಭಾವ," ಎಂದು ಅದೇ ತಂಡದಲ್ಲಿ ಆಡುತ್ತಿದ್ದ ಅವನ ಹೆಂಡತಿಯ ತಮ್ಮ ಲಯನಲ್ ಪಿಸುಗುಟ್ಟಿದ. "ಅಂಪೈರುಗಳು ಒಪ್ಪದಿದ್ರೆ ಗೋಲೇ ಇಲ್ಲ. ಗಿರಣಿ ನೇಕಾರರ ಕೈಲಿ ಸೋತು ಹೋದ್ರೆ ಅಕ್ಕ ನಿಂಗೆ ಚಹಾನೂ ಕೊಡಲ್ಲ!"

ಆಂಬ್ರೋಸ್ ಬಾಯಿ ಬಿಡಲಿಲ್ಲ. ಮೀಸೆಗೆ ಮೆತ್ತಿದ್ದ ಕೆಸರು ಒರೆಸಿಕೊಂಡು ಮೈದಾನದ ಆ ತುದಿಗೆ ನಡೆಯತೊಡಗಿದ. ಗೋಲು ಬಿದ್ದರೆ ಎರಡೂ ತಂಡಗಳು ತುದಿ ಬದಲಿಸುವುದು ಫುಟ್‌ಬಾಲಿನ ಆ ಮೊದಮೊದಲ ದಿನಗಳ ಪದ್ಧತಿ. ಅವನ ಹುಡುಗರು ಮುಖ ಮುಖ ನೋಡಿಕೊಂಡು ಒಬ್ಬೊಬ್ಬರಾಗಿ ಹಿಂದೆ ಹೊರಟರು. ಕೊನೆಗೆ ಲಯನಲ್ ಕೂಡ ತಲೆಯೆತ್ತಿಕೊಂಡೇ ಹೊರಟ. ಜಗಳ ತಾನಾಗಿ ನಿಂತಿತು.

ಎದುರಿಗೆ ಬಂದ ನೇಕಾರರ ಕ್ಯಾಪ್ಟನ್ ಜೇಬೆಜ್ ಟೋಪಿ ತೆಗೆದ. "ಗೋಲು ಕೊಟ್ರಲ್ಲ ಸ್ವಾಮಿ, ದೊಡ್ಡ ಮನಸ್ಸು ನಿಮ್ದು."

"ನಾನೆಲ್ಲಿ ಕೊಟ್ಟೆನಯ್ಯ? ನೀನು ಹೊಡೆದದ್ದು," ಎಂದ ಆಂಬ್ರೋಸ್. "ಟೋಪಿ ಹಾಕ್ಕೋ. ಇನ್ನೂ ಹತ್ತು ನಿಮಿಷ ಇದೆ."